ಜೋಲೀನ್ ಹೇಳದೆ ಬಿಟ್ಟದ್ದು

ಪ್ರತಿ ವರ್ಷ ಏಪ್ರಿಲ್ ತಿಂಗಳ ಎರಡನೆಯ ಗುರುವಾರ ಕಾರ್ವರ್ಸ್ ಬೆಂಡ್ ಕಮ್ಯುನಿಟಿ ಕಾಲೇಜಿನ ಪ್ರತಿಷ್ಠಾನದವರು ಊರಿನ ಉಳ್ಳವರಿಗೆ ಮಧ್ಯಾಹ್ನದ ಊಟ ಹಾಕುತ್ತಿದ್ದರು. ಬ್ಯಾಸ್ಕೆಟ್‌ಬಾಲ್ ಅಂಗಳದ ಮೇಲೆ ಚಾಪೆ ಹಾಸಿ, ಇಪ್ಪತ್ತೆರಡು ದುಂಡು ಮೇಜುಗಳನ್ನಿಟ್ಟು, ಎಷ್ಟೇ ಹೂವಿಟ್ಟರೂ ಹೋಗದ ಬೆವರು ಮತ್ತು ರಬ್ಬರಿನ ವಾಸನೆಯ ನಡುವೆ ಕೋಳಿ, ಬೀನ್ಸು, ಆಲೂಗಡ್ಡೆ ಬಡಿಸುತ್ತಿದ್ದರು. ಕೋಳಿ ಮುಗಿದು ಸೇಬಿನ ಪೈ ಬರುವ ನಡುವೆ ಒಬ್ಬ ವಿದ್ಯಾರ್ಥಿ ಎದ್ದು ನಿಂತು ತನ್ನ ಬದುಕಿನ ಕಷ್ಟ ಹೇಳಬೇಕು. ಕಣ್ಣೀರು ಪೈಗೆ ಮುಂಚೆ, ಚೆಕ್ಕು ಕಾಫಿಯ ಜೊತೆಗೆ. ಈ ಲೆಕ್ಕಾಚಾರವನ್ನು ಕೊರಿನ್ ಹ್ಯಾಡ್ಲಿಗೆ ಯಾರೂ ಕಲಿಸಿರಲಿಲ್ಲ. ಹದಿನೇಳು ವರ್ಷ ಅದೇ ಕುರ್ಚಿಯಲ್ಲಿ ಕೂತು ತಾನೇ ಕಲಿತಿದ್ದಳು.

ಕೊರಿನ್ ಆ ಪ್ರತಿಷ್ಠಾನದ ನಿರ್ದೇಶಕಿ. ಹುದ್ದೆಯ ಹೆಸರು ಉದ್ದ, ಕೋಣೆ ಮೋಟು. ಅವಳ ಜೊತೆಗೆ ವಾರಕ್ಕೆ ಮೂರು ದಿನ ಬಂದು ರಸೀದಿ ಬರೆಯುವ ಒಬ್ಬ ಗುಮಾಸ್ತೆಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಗಾಜಿನ ಕಾರ್ಖಾನೆ ಮುಚ್ಚಿಹೋದ ಮೇಲೆ ಊರಿನಲ್ಲಿ ಉಳಿದಿದ್ದ ಹಣ ಯಾರ ಯಾರ ಹತ್ತಿರ ಇದೆ ಎಂಬುದು ಬ್ಯಾಂಕಿನವರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವರ ಮೊಮ್ಮಕ್ಕಳ ಹೆಸರು, ಅವರ ಮಂಡಿಯ ಆಪರೇಷನ್ನು, ಅವರು ಯಾವ ಚರ್ಚಿನ ಯಾವ ಸಾಲಿನಲ್ಲಿ ಕೂರುತ್ತಾರೆ, ಎಲ್ಲವೂ ಅವಳ ತಲೆಯಲ್ಲಿತ್ತು. ಹಣವಂತರು ಯಾರಾದರೂ ತೀರಿಕೊಂಡರೆ ಅವಳಿಗೆ ಮೊದಲು ನೆನಪಾಗುತ್ತಿದ್ದುದು ಉಯಿಲು, ಆಮೇಲೆ ಮುಖ. ಅದಕ್ಕಾಗಿ ತನ್ನ ಮೇಲೆ ತನಗೇ ಬೇಸರವಾಗುತ್ತಿದ್ದ ಒಂದು ಕಾಲವಿತ್ತು. ಈಗ ಆ ಬೇಸರ ಪಟ್ಟುಕೊಳ್ಳಲೂ ಪುರುಸೊತ್ತಿರಲಿಲ್ಲ.

ದೊಡ್ಡ ವಿಶ್ವವಿದ್ಯಾಲಯಗಳ ಪಾಡು ಬೇರೆ. ಅವಕ್ಕೆ ಹಳೆಯ ವಿದ್ಯಾರ್ಥಿಗಳು ಕೋಟಿಗಟ್ಟಲೆ ಸುರಿಯುತ್ತಾರೆ. ಇಲ್ಲಿ ಎರಡು ವರ್ಷ ಓದಿ, ಇಲ್ಲಿಂದ ಬೇರೆ ಕಡೆ ಹೋಗಿ ಡಿಗ್ರಿ ಪಡೆದವರು, ಕೈಯಲ್ಲಿ ನಾಲ್ಕು ಕಾಸು ಆಡುವಾಗ ನೆನೆಯುವುದು ಆ ಕೊನೆಯ ಕಾಲೇಜನ್ನು. ಏಣಿಯ ಕೆಳಗಿನ ಮೆಟ್ಟಿಲಿಗೆ ಯಾರೂ ಹೂವು ಮುಡಿಸುವುದಿಲ್ಲ. ಇಲ್ಲಿಯ ಮಕ್ಕಳು ಓದು ಬಿಡುವುದು ಇನ್ನೂರು ಮುನ್ನೂರು ಡಾಲರಿನ ವಿಷಯಕ್ಕೆ: ಟಯರು ಒಡೆಯಿತು, ಮಗುವನ್ನು ನೋಡಿಕೊಳ್ಳುವವಳು ಕೈಕೊಟ್ಟಳು, ಕರೆಂಟು ಹೋಯಿತು. ಟಯರಿಗೆ ಹಣ ಕೊಡಿ ಎಂದರೆ ಯಾರೂ ಕೊಡುವುದಿಲ್ಲ, ಟಯರಿನ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವಲ್ಲ. ಹಾಗಾಗಿ ಕಥೆ ಬೇಕಾಗುತ್ತಿತ್ತು. ಕಥೆಯನ್ನು ಹುಡುಕುವುದು, ತಿದ್ದುವುದು, ಹೇಳುವವರಿಗೆ ಧೈರ್ಯ ತುಂಬುವುದು ಕೊರಿನ್ನಳ ಪಾಲಿಗೆ ಬಂದಿತ್ತು.

ಆ ವರ್ಷದ ಕಥೆ ಜೋಲೀನ್ ಮೇಪ್ಸ್‌ಳದು. ಮೂವತ್ತೊಂದು ವರ್ಷ, ಇಬ್ಬರು ಮಕ್ಕಳು, ನರ್ಸಿಂಗ್ ಓದಿನ ಕೊನೆಯ ಅವಧಿ. ನವೆಂಬರಿನಲ್ಲಿ ಅವಳ ಕಾರಿನ ಗೇರ್‌ಬಾಕ್ಸ್ ಕೂತುಹೋಗಿ, ಪ್ರತಿಷ್ಠಾನದ ತುರ್ತು ನಿಧಿಗೆ ಅರ್ಜಿ ಹಾಕಿದ್ದಳು. ಅರ್ಜಿಯಲ್ಲಿ 'ನಿಮ್ಮ ಕಷ್ಟವನ್ನು ವಿವರಿಸಿ' ಎಂದು ಇದ್ದ ಕಡೆ ಉಳಿದವರು ನಾಲ್ಕು ಸಾಲು ಗೀಚಿದರೆ ಇವಳು ಮೂರು ಹಾಳೆ ಬರೆದಿದ್ದಳು. ಹದಿನೈದನೆಯ ವಯಸ್ಸಿನಲ್ಲಿ ಅವಳ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯವರು ಕೊಟ್ಟ ನೋವಿನ ಮಾತ್ರೆಗಳನ್ನೆಲ್ಲ ಅವಳ ತಾಯಿ ಡಾರ್ಲಾ ನುಂಗಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ಮಾತ್ರೆ ಮುಗಿದಾಗಲೆಲ್ಲ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಡಾಕ್ಟರಿಂದ ಡಾಕ್ಟರಿಗೆ ಅಲೆದಳು. ನೋವು ಹೆಚ್ಚಿದೆ ಎಂದು ಮಗಳ ಬಾಯಲ್ಲೇ ಹೇಳಿಸಿದಳು. ನೋವು ನಿಜವಾಗಿ ಹೆಚ್ಚಿರಲಿ ಎಂದು ಒಂದೆರಡು ಸಲ ಕೈಗೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿಯೂ ಹಾಕಿದಳು. ಎಲುಬು ಸೊಟ್ಟಗೇ ಕೂಡಿಕೊಂಡಿತು. ಎರಡು ವರ್ಷದ ನಂತರ ಜೋಲೀನ್ ಒಂದು ಚೀಲ ಹಿಡಿದುಕೊಂಡು ಮನೆ ಬಿಟ್ಟಳು, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಓದಿ ಮುಗಿಸಿದಾಗ ಕೊರಿನ್ನಳ ಕಣ್ಣುಗಳು ಒದ್ದೆಯಾಗಿದ್ದವು. ಅದೇ ಹೊತ್ತಿಗೆ, ಏಪ್ರಿಲ್ ತಿಂಗಳಿಗೆ ಇದು ಸಿಕ್ಕಿತಲ್ಲ ಎಂಬ ಸಮಾಧಾನವೂ ಆಗಿತ್ತು. ಎರಡೂ ಒಂದೇ ಸಲ ಆಗುವುದು ಅವಳಿಗೆ ಹೊಸದಾಗಿರಲಿಲ್ಲ.

ಮಾರ್ಚ್ ತಿಂಗಳಿಡೀ ವಾರಕ್ಕೊಂದು ಸಲ ಜೋಲೀನ್ ಅವಳ ಕೋಣೆಗೆ ಬಂದು ಓದಿ ತೋರಿಸುತ್ತಿದ್ದಳು. ಆಸ್ಪತ್ರೆಯ ತರಬೇತಿ ಮುಗಿಸಿ, ನೀಲಿ ಸಮವಸ್ತ್ರದಲ್ಲೇ, ಬಿಸ್ಕತ್ತು ತಿನ್ನುತ್ತ ಬರುತ್ತಿದ್ದಳು. ಕೊರಿನ್ ಪೆನ್ಸಿಲ್ ಹಿಡಿದು ಕೂರುತ್ತಿದ್ದಳು. ಕೈ ಮುರಿದದ್ದು ಮೊದಲೇ ಬರಲಿ ಎಂದಳು. ಅಲೆದ ಡಾಕ್ಟರುಗಳ ಹೆಸರು ಕಡಿಮೆಯಾಗಲಿ ಎಂದಳು. ಪಟ್ಟಿ ಬಿಚ್ಚಿದ ಮಾತು ಬಂದ ಮೇಲೆ ಮನಸ್ಸಿನಲ್ಲಿ ಮೂರು ಎಣಿಸಿ ಮುಂದಕ್ಕೆ ಹೋಗು ಎಂದಳು.

"ನೋವಾಗೋ ಕಡೆ ನಿಧಾನಕ್ಕೆ ಓದ್ಬೇಕು ಅಂತೀರ," ಎಂದಳು ಜೋಲೀನ್.

"ಹೂಂ. ಕೇಳೋರಿಗೆ ಟೈಮ್ ಬೇಕು."

"ಮನೇಲಿ ಇದು ಉಲ್ಟಾ ಕಣ್ರೀ. ನೋವಾಗೋ ಕಡೆ ದಡದಡ ಅಂತ ದಾಟ್ಕೊಂಡ್ಬಿಡ್ತೀವಿ."

ತಾಯಿಯ ಹೆಸರು ಎಲ್ಲೂ ಬರುವುದಿಲ್ಲ ಎಂದು ಕೊರಿನ್ ಭರವಸೆ ಕೊಟ್ಟಳು. ಜೋಲೀನ್ ನಕ್ಕುಬಿಟ್ಟಳು. ಈ ಊರಿನಲ್ಲಿ ಹೆಸರು ಯಾಕೆ ಬೇಕು, ನನ್ನ ಮೂಗು ನೋಡಿದರೆ ಸಾಕು, ಇವಳು ಡಾರ್ಲಾ ಮೇಪ್ಸ್ ಮಗಳು ಅನ್ನುತ್ತಾರೆ ಎಂದಳು.

"ನೋಡು, ಬೇಡ ಅನ್ನಿಸಿದ್ರೆ ಬೇಡ ಅನ್ನು. ಬಲವಂತ ಏನಿಲ್ಲ," ಎಂದಳು ಕೊರಿನ್. ಹದಿನೇಳು ವರ್ಷವೂ ಹದಿನೇಳು ಜನಕ್ಕೂ ಆಡಿದ ಮಾತು ಅದು.

"ನನ್ನ ಗೇರ್‌ಬಾಕ್ಸ್ ಹಾಕ್ಸಿಕೊಟ್ಟಿರೋದು ನೀವು. ಬೇಡ ಅಂದ್ರೆ ಕಾರು ಹಿಂದಕ್ಕೆ ಮಾತ್ರ ಓಡುತ್ತೆ ಅಷ್ಟೆ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಕೊರಿನ್ ಪೆನ್ಸಿಲ್ಲಿನಿಂದ ಎರಡನೆಯ ಹಾಳೆಯ ಒಂದು ಸಾಲು ಹೊಡೆದುಹಾಕಿದಳು.

ಆ ವರ್ಷದ ಊಟಕ್ಕೆ ಎಂದಿಗಿಂತ ಹೆಚ್ಚಿನ ಭಾರವಿತ್ತು. ಕಲ್ಲುಗಣಿಯ ಒಡೆಯ ವೆಂಡೆಲ್ ಕ್ರೌಸ್ ಬರುವವನಿದ್ದ. ಎಪ್ಪತ್ತಾರು ವರ್ಷದವನು, ಆ ಸುತ್ತಿನ ರಸ್ತೆಗಳಿಗೆಲ್ಲ ಅವನದೇ ಜಲ್ಲಿ. ಹಿಂದಿನ ಶರತ್ಕಾಲದಲ್ಲಿ ಅವನ ಹೆಂಡತಿ ಆರ್ಲೀನ್ ವೃದ್ಧಾಶ್ರಮದ ಹಾಸಿಗೆಯಲ್ಲಿ ಏಳು ತಿಂಗಳು ಮಲಗಿ ತೀರಿಕೊಂಡಿದ್ದಳು. ಅಲ್ಲಿಯ ನರ್ಸುಗಳೆಲ್ಲ ಈ ಕಾಲೇಜಿನಲ್ಲೇ ಓದಿದವರು. ನರ್ಸಿಂಗ್ ವಿಭಾಗಕ್ಕೆ ಹೊಸ ಪ್ರಯೋಗಶಾಲೆ ಕಟ್ಟಲು ನಾಲ್ಕು ಲಕ್ಷ ಡಾಲರ್ ಕೊಡುವ ಸುಳಿವನ್ನು ಅವನು ಕಾಲೇಜಿನ ಅಧ್ಯಕ್ಷೆ ಮಾರ್ಲಾ ಎಂಗಲ್‌ಗೆ ಕೊಟ್ಟಿದ್ದ. ಊಟಕ್ಕೆ ಬರುತ್ತೇನೆ, ಆ ಹುಡುಗಿಯ ಮಾತು ಕೇಳುತ್ತೇನೆ, ಆಮೇಲೆ ನಾನೇ ಎದ್ದು ಎರಡು ಮಾತಾಡುತ್ತೇನೆ ಎಂದಿದ್ದ. ಕಾಗದದ ಮೇಲೆ ಏನೂ ಆಗಿರಲಿಲ್ಲ. ಆದರೂ ಮಾರ್ಲಾ ಆಗಲೇ ಪ್ರಯೋಗಶಾಲೆಯ ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡಿದ್ದಳು. ಊರಿನ ಅಂಗಡಿಗಳಲ್ಲೆಲ್ಲ ಜೋಲೀನಳ ಚಿತ್ರವಿದ್ದ ಪೋಸ್ಟರು ಅಂಟಿಸಲಾಯಿತು: 'ಅವಳ ಕಥೆ ಕೇಳಬನ್ನಿ.'

ಗುರುವಾರ ಬಂತು. ಕೋಳಿ ಎಂದಿನಂತೆ ಸ್ವಲ್ಪ ಒಣಗಿತ್ತು. ಮಾರ್ಲಾ ಸ್ವಾಗತ ಹೇಳಿದಳು, ಪಾದ್ರಿ ಪ್ರಾರ್ಥನೆ ಮುಗಿಸಿದ. ವೆಂಡೆಲ್ ಕ್ರೌಸ್ ಎರಡನೆಯ ಮೇಜಿನಲ್ಲಿ ಕಪ್ಪು ಕೋಟು ತೊಟ್ಟು, ಕೋಳಿಯನ್ನು ಮುಟ್ಟದೆ ಕೂತಿದ್ದ. ಜೋಲೀನ್ ಯಾರದೋ ಹಸಿರು ಉಡುಪು ತೊಟ್ಟುಕೊಂಡು ಮೈಕಿನ ಮುಂದೆ ಬಂದು ಹಾಳೆಗಳನ್ನು ಬಿಡಿಸಿ ಇಟ್ಟಳು. ಹಿಂದಿನ ಬಾಗಿಲ ಬಳಿ ನಿಂತ ಕೊರಿನ್ನಳಿಗೆ ಮೊದಲ ವಾಕ್ಯ ಬಾಯಿಪಾಠವಾಗಿತ್ತು. ಅವಳ ತುಟಿಗಳು ಆಗಲೇ ಅದನ್ನು ಹೇಳಿಕೊಳ್ಳತೊಡಗಿದ್ದವು.

ಜೋಲೀನ್ ತಲೆಯೆತ್ತಿ ಒಮ್ಮೆ ಸಭೆಯನ್ನು ನೋಡಿದಳು. ಹಾಗೆ ನೋಡಬೇಕೆಂದು ಕೊರಿನ್ನಳೇ ಹೇಳಿಕೊಟ್ಟಿದ್ದಳು. ನೋಡಿದವಳು ಹಾಗೆಯೇ ನಿಂತುಬಿಟ್ಟಳು. ಒಂಬತ್ತನೆಯ ಮೇಜಿನ ಪಕ್ಕದಲ್ಲಿ, ಬಡಿಸುವವರ ಬಿಳಿ ಅಂಗಿ ತೊಟ್ಟು, ನರೆತ ಕೂದಲಿಗೆ ಬಲೆ ಹಾಕಿಕೊಂಡು, ಎರಡೂ ಕೈಗಳಲ್ಲಿ ಪೈ ತಟ್ಟೆಗಳ ದೊಡ್ಡ ಹರಿವಾಣ ಹೊತ್ತ ಒಬ್ಬ ಸಣಕಲು ಹೆಂಗಸು ನಿಂತಿದ್ದಳು. ಆ ಮೂಗು ದೂರದಿಂದಲೂ ಗುರುತು ಸಿಗುವಂತಿತ್ತು.

ಮೈಕು ಒಮ್ಮೆ ಕಿರ್ ಎಂದಿತು. ಜೋಲೀನ್ ಹಾಳೆಗಳನ್ನು ನಿಧಾನವಾಗಿ ಮಡಿಸಿದಳು.

"ನನ್ನ ಹೆಸ್ರು ಜೋಲೀನ್ ಮೇಪ್ಸ್," ಎಂದಳು. "ಮುಂದಿನ ತಿಂಗಳು ನರ್ಸಿಂಗ್ ಮುಗಿಯುತ್ತೆ. ನವೆಂಬರಲ್ಲಿ ನನ್ನ ಕಾರು ಕೆಟ್ಟುಹೋಗಿತ್ತು. ನೀವು ಕೊಟ್ಟಿರೋ ದುಡ್ಡಲ್ಲಿ ರಿಪೇರಿ ಆಯ್ತು. ಕಾರಿಲ್ದೇ ಇದ್ದಿದ್ರೆ ಆಸ್ಪತ್ರೆ ಡ್ಯೂಟಿಗೆ ಹೋಗಕ್ಕಾಗ್ತಿರ್ಲಿಲ್ಲ, ಓದೂ ನಿಂತೋಗ್ತಿತ್ತು. ಅದಕ್ಕೆ ಥ್ಯಾಂಕ್ಸ್ ಹೇಳಕ್ಕೆ ಬಂದೆ. ಪೈ ಬರ್ತಾ ಇದೆ, ತಿನ್ನಿ."

ಅಷ್ಟು ಹೇಳಿ ಹೋಗಿ ಕೂತಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಳೆದುಹೋದ ಬೀಗದ ಕೈ ಸಿಕ್ಕಿತು ಎಂದು ಯಾರೋ ಹೇಳಿದಾಗ ತಟ್ಟುವಷ್ಟು ಚಪ್ಪಾಳೆ ತಟ್ಟಿದರು. ಮಾರ್ಲಾ ನಗುನಗುತ್ತಲೇ ಮೈಕಿಗೆ ಬಂದು ವೆಂಡೆಲ್ ಕ್ರೌಸ್ ಕಡೆ ಕೈ ತೋರಿದಳು. ಅವನು ಕೂತಲ್ಲಿಂದಲೇ ತಲೆಯಾಡಿಸಿ ಬೇಡ ಎಂದ. ಕಾಫಿ ಬರುವ ಮುಂಚೆಯೇ ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದ. ಎಷ್ಟು ಹಣ ಕೊಡುತ್ತೇವೆಂದು ಬರೆಯಲು ಮೇಜುಗಳ ಮೇಲಿಟ್ಟಿದ್ದ ವಾಗ್ದಾನದ ಕಾರ್ಡುಗಳಲ್ಲಿ ಅರ್ಧಕ್ಕರ್ಧ ಖಾಲಿಯೇ ಉಳಿದವು.

ಕೊರಿನ್ ಜೋಲೀನಳನ್ನು ಹುಡುಕುತ್ತ ಅಡುಗೆಯವರ ಓಣಿಯ ಕಡೆ ಹೋದಳು. ಅಲ್ಲಿ ಸಿಕ್ಕಿದವಳು ಡಾರ್ಲಾ. ಎಂಜಲು ತಟ್ಟೆಗಳನ್ನು ಟಬ್ಬಿಗೆ ಜೋಡಿಸುತ್ತಿದ್ದವಳು ಕೊರಿನ್ನಳ ಎದೆಯ ಮೇಲಿನ ಹೆಸರಿನ ಬಿಲ್ಲೆ ನೋಡಿ ಕೈ ಒರೆಸಿಕೊಂಡಳು.

"ಅವ್ಳು ನನ್ನ ನೋಡ್ಬಿಟ್ಲು, ಅಲ್ವಾ?"

ಕೊರಿನ್ ಹೌದೆಂದಳು.

ಡಾರ್ಲಾ ಅವಸರವಿಲ್ಲದೆ ಎಲ್ಲ ಹೇಳಿದಳು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಮಗಳ ಪೋಸ್ಟರು ನೋಡಿದ್ದಳಂತೆ. ಊಟದ ಗುತ್ತಿಗೆಯವನ ಹತ್ತಿರ ಕಾಡಿಬೇಡಿ ಈ ದಿನದ ಪಾಳಿಯನ್ನು ಕೇಳಿ ಪಡೆದಳಂತೆ. ಮಾತ್ರೆ ಬಿಟ್ಟು ನಾಲ್ಕು ವರ್ಷವಾಯಿತು. ಮಗಳು ಫೋನ್ ಎತ್ತುವುದಿಲ್ಲ, ಅದರಲ್ಲಿ ಅವಳ ತಪ್ಪೂ ಇಲ್ಲ.

"ಅವ್ಳಿಗೆ ಅಡ್ಡ ಬರಕ್ಕೆ ಬಂದಿದ್ದಲ್ಲ ನಾನು. ಕೇಳ್ಬೇಕು ಅಂತ್ಲೇ ಬಂದೆ. ಆ ವರ್ಷಗಳು ನಂಗೆ ಅರ್ಧಕ್ಕರ್ಧ ನೆನಪಿಲ್ಲ ರೀ. ತಪ್ಪಾಯ್ತು ತಪ್ಪಾಯ್ತು ಅಂತ ಎಲ್ರ ಹತ್ರ ಹೇಳ್ಕೊಂಡು ತಿರುಗ್ತೀನಿ, ಏನು ತಪ್ಪು ಅಂತ ನಂಗೇ ಪೂರ್ತಿ ಗೊತ್ತಿಲ್ಲ. ಅವ್ಳ ಬಾಯಿಂದ ಒಂದ್ಸಲ ಕೇಳಿಸ್ಕೊಂಡ್ರೆ, ಸರಿ, ಇಷ್ಟು ಮಾಡಿದ್ದೀನಿ ಅಂತ ಆದ್ರೂ ಗೊತ್ತಾಗುತ್ತಲ್ಲ. ಗಟ್ಟಿ ಮನಸ್ಸು ಮಾಡ್ಕೊಂಡು ನಿಂತಿದ್ದೆ." ಅವಳು ಟಬ್ಬಿನ ಅಂಚನ್ನು ಹಿಡಿದುಕೊಂಡಳು. "ಆ ಕಾಗದದಲ್ಲಿ ಏನಿತ್ತು? ನೀವು ಓದಿರ್ತೀರಲ್ಲ."

ಕೊರಿನ್ನಳ ಕಂಕುಳಲ್ಲಿದ್ದ ಕಡತದಲ್ಲಿ ಆ ಮೂರು ಹಾಳೆಗಳ ಪ್ರತಿಯಿತ್ತು. ಪೆನ್ಸಿಲ್ಲಿನ ಗುರುತುಗಳ ಸಮೇತ: ಇಲ್ಲಿ ನಿಲ್ಲು, ಇಲ್ಲಿ ಮೂರು ಎಣಿಸು. ತೆಗೆದು ಕೊಟ್ಟುಬಿಡುವುದು ಸುಲಭವಿತ್ತು. ಈ ಹೆಂಗಸು ಅದಕ್ಕಾಗಿಯೇ ಇನ್ನೂರು ಜನರಿಗೆ ಕೋಳಿ ಬಡಿಸಿದ್ದಳು.

"ಅದು ನಂದಲ್ಲ ಡಾರ್ಲಾ. ಅವ್ಳೇ ಕೊಡ್ಬೇಕು," ಎಂದಳು ಕೊರಿನ್.

ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಐದು ವಾರ ಅದು ಅವಳದೇ ಆಗಿತ್ತಲ್ಲ.

ಜೋಲೀನ್ ವಾಹನ ನಿಲ್ಲಿಸುವ ಜಾಗದಲ್ಲಿ, ತನ್ನ ಕಾರಿನ ಬಾಗಿಲು ತೆರೆದಿಟ್ಟುಕೊಂಡು, ಕಾಲು ಹೊರಗೆ ಚಾಚಿ ಕೂತಿದ್ದಳು. ದುಡ್ಡು ಹೋಯಿತೇ ಎಂದು ಕೇಳಿದಳು. ಗೊತ್ತಿಲ್ಲ, ಹೋಗಿರಬಹುದು ಎಂದಳು ಕೊರಿನ್. ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ.

"ಅವ್ಳನ್ನ ಕ್ಷಮಿಸಿಬಿಟ್ಟೆ ಅಂತೇನೂ ಅಲ್ಲ," ಎಂದಳು ಜೋಲೀನ್. "ಕುರ್ಚಿ ಮೇಲೆ ಕೂತಿದ್ದಿದ್ರೆ ಓದ್ಬಿಡ್ತಿದ್ದೆ, ಒಂದಕ್ಷರ ಬಿಡ್ದೆ. ಆದ್ರೆ ಅವ್ಳ ಕೈಲಿ ತಟ್ಟೆಗಳಿದ್ವು. ಎರಡೂ ಕೈಲಿ. ಮುಖ ಮುಚ್ಕೊಳ್ಳಕ್ಕೂ ಆಗಲ್ಲ ಅಂಥೋರಿಗೆ."

ಮರುದಿನ ಬೆಳಿಗ್ಗೆ ಮಾರ್ಲಾ ಕರೆಸಿಕೊಂಡಳು. ಕೂಗಾಡುವ ಹೆಂಗಸಲ್ಲ ಅವಳು. ಸರ್ಕಾರ ವರ್ಷ ವರ್ಷ ಅನುದಾನ ಕತ್ತರಿಸುತ್ತಿರುವುದು, ನರ್ಸಿಂಗ್ ಮಕ್ಕಳು ಇಪ್ಪತ್ತು ವರ್ಷ ಹಳೆಯ ಗೊಂಬೆಗಳ ಮೇಲೆ ಸೂಜಿ ಚುಚ್ಚಿ ಕಲಿಯುತ್ತಿರುವುದು, ಎಲ್ಲವನ್ನೂ ತಣ್ಣಗೆ ಹೇಳಿದಳು. ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಕೊನೆಗೆ, ಆ ಹುಡುಗಿ ಹೇಳದಿದ್ದರೇನಂತೆ, ನಿನಗೆ ಗೊತ್ತಲ್ಲ, ಹೋಗಿ ನೀನೇ ವೆಂಡೆಲ್‌ಗೆ ಹೇಳು ಎಂದಳು. ಕೊರಿನ್ ಆಗಲಿ ಎಂದಳು. ಬೇಡ ಅನ್ನಲು ಕಾರಣ ಹುಡುಕಬೇಕಿತ್ತು, ಹುಡುಕುವುದು ಬೇಡವಾಗಿತ್ತು.

ವೆಂಡೆಲ್ ಕ್ರೌಸ್‌ನ ಮನೆ ಗಣಿಯ ಮೇಲಿನ ದಿಣ್ಣೆಯ ಮೇಲಿತ್ತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಅವನೇ ಐವತ್ತು ವರ್ಷ ಅಗೆದ ಹೊಂಡ, ತಳದಲ್ಲಿ ಹಸಿರು ನೀರು. ಅವನು ತಾನೇ ಕಾಫಿ ಮಾಡಿದ, ತೀರಾ ತೆಳ್ಳಗೆ. ಮೇಜಿನ ಒಂದು ಬದಿಯಲ್ಲಿ ಮಾತ್ರ ತಿಂದ ಗುರುತುಗಳಿದ್ದವು.

"ಕಥೆ ಕೇಳಬನ್ನಿ ಅಂತ ನೀನೇ ಪೋಸ್ಟರ್ ಹಾಕ್ಸಿದ್ದೆ. ಬಂದೆ. ಗೇರ್‌ಬಾಕ್ಸ್ ಕಥೆ ಕೇಳ್ಕೊಂಡು ವಾಪಸ್ ಬಂದೆ," ಎಂದ ವೆಂಡೆಲ್. "ನನ್ನ ಹತ್ರ ನಲವತ್ತು ಲಾರಿ ಇವೆ ಕಣಮ್ಮ. ಗೇರ್‌ಬಾಕ್ಸ್ ಕಥೆ ನಂಗೆ ದಿನಾ ಇರೋದೆ."

ಕೊರಿನ್ ಕಪ್ಪನ್ನು ಕೆಳಗಿಟ್ಟಳು. "ಅವ್ಳಿಗೆ ಹದಿನೈದು ವರ್ಷ ಇದ್ದಾಗ," ಎಂದು ಶುರುಮಾಡಿದಳು, "ಅವ್ಳ ಮಣಿಕಟ್ಟು..."

ಅವಳ ದನಿ ತಾನೇ ತಾನಾಗಿ ಕೆಳಗಿಳಿದಿತ್ತು. ಎಲ್ಲಿ ತಗ್ಗಿಸಬೇಕು, ಎಲ್ಲಿ ತಡೆಯಬೇಕು ಎಂಬುದು ಗಂಟಲಿಗೇ ಗೊತ್ತಿತ್ತು. ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಕೆ ನಡೆದಿದ್ದುದು ಅವಳಿಗೇ ಕೇಳಿಸಿತು. ಮೂರು ಬರಲಿಲ್ಲ.

"ಇಲ್ಲ ವೆಂಡೆಲ್. ನಾನು ಹೇಳಲ್ಲ."

"ಯಾಕೆ?"

"ಅವ್ಳು ಹೇಳ್ದೇ ಬಿಟ್ಲು. ಅವ್ಳ ಬೆನ್ನ ಹಿಂದೆ ನಾನು ಹೇಳಿದ್ರೆ ಚೆನ್ನಾಗಿರಲ್ಲ."

"ಹಂಗಾದ್ರೆ ನಾನು ದುಡ್ಡು ಯಾಕೆ ಕೊಡ್ಬೇಕು?"

ಈ ಪ್ರಶ್ನೆಗೆ ಅವಳ ಬಳಿ ಹನ್ನೆರಡು ಬಗೆಯ ಉತ್ತರಗಳಿದ್ದವು, ಬಣ್ಣದ ಕಾಗದದಲ್ಲಿ ಅಚ್ಚಾದವು. ಅವೆಲ್ಲ ಬಿಟ್ಟು, "ಕೊಡ್ಲೇಬೇಕು ಅಂತೇನಿಲ್ಲ," ಎಂದಳು.

ಮುದುಕ ಎದ್ದುಹೋಗಿ, ಬಾಗಿಲ ಹಿಂದೆ ತೂಗುಹಾಕಿದ್ದ ಕಪ್ಪು ಕೋಟಿನ ಜೇಬಿನಿಂದ ಒಂದು ಕಾರ್ಡು ತಂದು ಮೇಜಿನ ಮೇಲಿಟ್ಟ. ದಪ್ಪ ಅಕ್ಷರದಲ್ಲಿ ಏಳೆಂಟು ಸಾಲುಗಳಿದ್ದವು. ಆ ಊಟದ ದಿನ ಎದ್ದು ಹೇಳಬೇಕೆಂದು ಬರೆದುಕೊಂಡದ್ದು. ಆರ್ಲೀನಳ ಕೊನೆಯ ವಾರಗಳಲ್ಲಿ ಒಬ್ಬ ನರ್ಸು ಪ್ರತಿ ಭಾನುವಾರ ಅವಳ ಕಾಲಿನ ಉಗುರು ಕತ್ತರಿಸುತ್ತಿದ್ದಳಂತೆ. ಯಾರೂ ಹೇಳಿರಲಿಲ್ಲ, ಅದು ಅವಳ ಕೆಲಸವೂ ಆಗಿರಲಿಲ್ಲ. ಆರ್ಲೀನ್ ಗಂಡನ ಹೆಸರನ್ನೇ ಮರೆತಿದ್ದಳು, ಆದರೆ ಭಾನುವಾರ ಬಂದರೆ ತಾನಾಗಿ ಕಾಲು ಚಾಚುತ್ತಿದ್ದಳು.

"ಮೂರು ದಿನ ಕೂತು ಬರ್ದೆ ಇದನ್ನ," ಎಂದ ವೆಂಡೆಲ್. "ಜನರ ಮುಂದೆ ಹೇಳಕ್ಕೆ ಹೋದ್ರೆ ಅಳು ಬಂದ್ಬಿಡುತ್ತೆ ಅಂತ ಗೊತ್ತಿತ್ತು. ಅವ್ಳು ಮೊದ್ಲು ಹೇಳಿ ಎಲ್ರನ್ನೂ ಅಳಿಸಿಬಿಡ್ತಾಳಲ್ಲ, ಆಮೇಲೆ ಈ ಮುದುಕ ಎದ್ದು ಅತ್ರೆ ಯಾರೂ ಗಮನಿಸಲ್ಲ ಅಂದ್ಕೊಂಡಿದ್ದೆ. ಎಲ್ರೂ ಒಣಗಣ್ಣಲ್ಲಿ ಪೈ ತಿಂತಾ ಇದ್ರು. ಹೆಂಗೆ ಏಳ್ಲಿ?"

ಅವನು ಮಾತಾಡುತ್ತ ಹೋದ. ಆರ್ಲೀನಳನ್ನು ಮೊದಲು ನೋಡಿದ್ದು ಗಾಜಿನ ಕಾರ್ಖಾನೆಯ ಗೇಟಿನಲ್ಲಿ. ಅವಳು ಗಣಿಯ ಲೆಕ್ಕ ಬರೆದುಕೊಟ್ಟ ಇಪ್ಪತ್ತು ವರ್ಷ ಅವಳಿಗೆ ಸಂಬಳವೇ ಇರಲಿಲ್ಲ. ಸಮುದ್ರ ನೋಡಬೇಕು ಎನ್ನುತ್ತಿದ್ದಳು, ಎರಡು ಸಲ ಟಿಕೆಟ್ಟು ತೆಗೆಸಿ ಎರಡು ಸಲವೂ ಲಾರಿ ಕೆಟ್ಟಿತೆಂದು ಅವನೇ ರದ್ದು ಮಾಡಿದ್ದ. ಹದಿನೇಳು ವರ್ಷ ಕೊರಿನ್ ಎಷ್ಟೋ ಜನರ ಮೇಜಿನ ಎದುರು ಹೀಗೆಯೇ ಕೂತು ತಲೆಯಾಡಿಸಿದ್ದಳು. ಮಾತು ಎಲ್ಲಿ ತಿರುಗಿದರೆ ಹಣದ ವಿಷಯ ಎತ್ತಬಹುದು ಎಂದು ಕಾದಿದ್ದಳು. ಅಂದು ಹಾಗೆ ಕಾಯಲೂ ಅವಳಲ್ಲಿ ತ್ರಾಣವಿರಲಿಲ್ಲ. ಹಾಗಾಗಿ ಸುಮ್ಮನೆ ಕೇಳಿಸಿಕೊಂಡಳು. ಎರಡು ಗಂಟೆ ಕಳೆಯಿತು. ಹೊರಡುವಾಗ ಅವನು ಚೆಕ್ಕು ಬರೆಯಲಿಲ್ಲ, ಅವಳು ಕೇಳಲೂ ಇಲ್ಲ.

ಮಾರ್ಲಾಗೆ ನಡೆದದ್ದನ್ನು ಇದ್ದಂತೆ ಹೇಳಿದಳು. ಮಾರ್ಲಾ ಗೋಡೆಯ ಮೇಲಿನ ನಕ್ಷೆಯನ್ನು ನೋಡುತ್ತ, "ಎರಡು ಗಂಟೆ ಕೂತಿದ್ಯ, ಕೊರಿನ್," ಎಂದಳು. ಅಷ್ಟೇ ಅಂದಳು.

ಜುಲೈ ತಿಂಗಳಲ್ಲಿ ವೆಂಡೆಲ್‌ನ ವಕೀಲರಿಂದ ಕಾಗದ ಬಂತು. ಒಂದು ಲಕ್ಷದ ಇಪ್ಪತ್ತು ಸಾವಿರ, ನಾಲ್ಕು ಕಂತಿನಲ್ಲಿ, ಆರ್ಲೀನಳ ಹೆಸರಿನಲ್ಲಿ. ಉಳಿದದ್ದನ್ನು ಅವನು ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಕೊಟ್ಟನೆಂದು ಪತ್ರಿಕೆಯಲ್ಲಿ ಓದಿ ತಿಳಿಯಿತು. ಹೊಸ ಕಟ್ಟಡದ ಮಾತು ನಿಂತುಹೋಯಿತು. ಹಳೆಯ ಕೋಣೆಗೇ ಬಣ್ಣ ಬಳಿದು, ಉಸಿರಾಡುವ, ನಾಡಿ ಮಿಡಿಯುವ ಎರಡು ಹೊಸ ಗೊಂಬೆಗಳನ್ನು ತರಿಸಿದರು. ಆರು ಬೇಕಿತ್ತು. ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು ಇದನ್ನು ಕೈತಪ್ಪಿದ ಅವಕಾಶ ಎಂದರು, ಅದು ಹಾಗೆಯೇ ದಾಖಲಾಯಿತು. ಕೊರಿನ್ ತಿದ್ದುಪಡಿ ಕೇಳಲಿಲ್ಲ.

ಆದರೆ ಒಂದು ಕೆಲಸ ಮಾಡಿದಳು. ತುರ್ತು ನಿಧಿಯ ಅರ್ಜಿಯಿಂದ ಕಷ್ಟ ವಿವರಿಸುವ ಆ ಜಾಗವನ್ನು ತೆಗೆದುಹಾಕಿದಳು. ಏನು ಬೇಕು, ಎಷ್ಟು ಬೇಕು, ಯಾವಾಗ ಬೇಕು, ಇಷ್ಟೇ ಉಳಿಯಿತು. ಅದಕ್ಕೆ ಮಂಡಳಿಯ ಒಪ್ಪಿಗೆ ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮುಂದಿನ ವರ್ಷದ ಊಟಕ್ಕೆ ಯಾರನ್ನೂ ನಿಲ್ಲಿಸುವುದು ಬೇಡ ಎಂದು ಮಾರ್ಲಾಗೆ ಹೇಳಿಯೂ ನೋಡಿದಳು. ಮಾರ್ಲಾ ಕಿವಿಗೊಡಲಿಲ್ಲ. ಆ ಕೆಲಸವನ್ನು ಹೊರಗಿನ ಒಬ್ಬ ಸಲಹೆಗಾರನಿಗೆ ವಹಿಸಿದಳು. ಜೈಲಿನಿಂದ ಬಂದು ವೆಲ್ಡಿಂಗ್ ಕಲಿಯುತ್ತಿದ್ದ ಒಬ್ಬ ನಡುವಯಸ್ಸಿನ ಗಂಡಸನ್ನು ಅವನು ತಯಾರು ಮಾಡಿದ. ಆ ಮನುಷ್ಯ ಚೆನ್ನಾಗಿ ಹೇಳಿದ, ಹೇಳಿ ಹಗುರಾದಂತೆಯೂ ಕಂಡ. ಜನ ಅತ್ತರು, ಕಾರ್ಡುಗಳು ತುಂಬಿದವು. ಹಿಂದಿನ ಬಾಗಿಲ ಬಳಿ ನಿಂತ ಕೊರಿನ್ನಳಿಗೆ, ಹಾಗಾದರೆ ತಾನು ಮಾಡಿದ್ದು ಸರಿಯೇ ತಪ್ಪೇ ಎಂದು ಮೊದಲಿಗಿಂತ ಹೆಚ್ಚು ಗೊಂದಲವಾಯಿತು. ಆ ಹಣದಿಂದ ಆ ವರ್ಷ ಅರವತ್ತೊಂದು ಜನರ ಟಯರು, ಬಾಡಿಗೆ, ಕರೆಂಟಿನ ಖರ್ಚು ನೀಗಿತು, ಅದನ್ನೂ ಅವಳೇ ಹಂಚಿದಳು. ಅವಳ ಪಿಂಚಣಿಗೆ ಇನ್ನೂ ಒಂದೂವರೆ ವರ್ಷವಿತ್ತು.

ಅದಾದ ಎರಡು ವಾರಕ್ಕೆ ಕಿರಾಣಿ ಅಂಗಡಿಯ ಮೊಟ್ಟೆಗಳ ಸಾಲಿನಲ್ಲಿ ಜೋಲೀನ್ ಎದುರಾದಳು. ಪರೀಕ್ಷೆ ಪಾಸಾಗಿ ಆರ್ಲೀನ್ ಇದ್ದ ವೃದ್ಧಾಶ್ರಮದಲ್ಲೇ ಕೆಲಸಕ್ಕೆ ಸೇರಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಎರಡು ಪಾಳಿ ಮಾಡುತ್ತೇನೆ, ಕಾಲು ಬಾತುಕೊಳ್ಳುತ್ತವೆ ಎಂದಳು. ಆಮೇಲೆ, ಕೇಳದಿದ್ದರೂ, ಮೊಟ್ಟೆಯ ಡಬ್ಬಿ ತೆರೆದು ಒಡೆದಿವೆಯೇ ಎಂದು ನೋಡುತ್ತ, ಕ್ರಿಸ್‌ಮಸ್ ಆದ ಮೇಲೆ ಅಮ್ಮನನ್ನು ಒಂದು ಮಧ್ಯಾಹ್ನ ಮನೆಗೆ ಕರೆದಿದ್ದೆ ಎಂದಳು. ಮಕ್ಕಳು ಶಾಲೆಗೆ ಹೋಗಿದ್ದರು. ಅಡುಗೆಮನೆಯಲ್ಲಿ ಕೂರಿಸಿ ಮೂರು ಹಾಳೆಯನ್ನೂ ಓದಿದ್ದಳು.

"ನೀವು ಹೊಡೆದುಹಾಕಿದ್ದ ಸಾಲೂ ಸೇರ್ಸಿ ಓದ್ದೆ," ಎಂದಳು.

"ಏನಂದ್ಲು?"

"ಪಟ್ಟಿ ಬಿಚ್ಚಿದ್ದು ಬಂತಲ್ಲ, ಅಲ್ಲಿ ಇನ್ನೊಂದ್ಸಲ ಓದು ಅಂದ್ಲು. ಓದ್ದೆ. ಆಮೇಲೆ ನನ್ನ ಕೈ ಎಳ್ಕೊಂಡು ಮಣಿಕಟ್ಟು ನೋಡಿದ್ಲು, ಡಾಕ್ಟ್ರು ನೋಡೋ ಹಾಗೆ ಹಿಂದೆ ಮುಂದೆ ತಿರುಗಿಸಿ. ನಾಲ್ಕೂವರೆ ಬಸ್ಸಿಗೆ ಹೊತ್ತಾಯ್ತು ಅಂತ ಎದ್ಲು. ಸ್ಟಾಪ್ ತನಕ ಬಿಟ್ಟು ಬಂದೆ."

"ಮತ್ತೆ ಬರ್ತಾಳಂತಾ?"

"ಗೊತ್ತಿಲ್ಲ ಕೊರಿನ್. ಮಂಗಳವಾರ ಮಕ್ಕಳನ್ನ ಶಾಲೆಯಿಂದ ಕರ್ಕೊಂಡು ಬರ್ಲಾ ಅಂತ ಕೇಳಿದಾಳೆ. ಇನ್ನೂ ಹೂಂ ಅಂದಿಲ್ಲ." ಜೋಲೀನ್ ಡಬ್ಬಿಯನ್ನು ಮುಚ್ಚಿ ಗಾಡಿಯಲ್ಲಿಟ್ಟಳು. "ಬಸ್ಸಲ್ಲೇ ಬರ್ಬೇಕು ಅಂತ ಮಾತ್ರ ಹೇಳಿದೀನಿ. ಅವ್ರನ್ನ ಕಾರಲ್ಲಿ ಕೂರಿಸ್ಕೊಂಡು ತಿರುಗೋದು ಬೇಡ ಅಂತ."

ಹಿಂದೆ ಯಾರೋ ಗಾಡಿ ತಳ್ಳಿಕೊಂಡು ಬಂದು ದಾರಿ ಕೇಳಿದರು. ಇಬ್ಬರೂ ಪಕ್ಕಕ್ಕೆ ಸರಿದರು. ಜೋಲೀನ್‌ಗೆ ಪಾಳಿಗೆ ಹೊತ್ತಾಗಿತ್ತು. ಹೋಗುತ್ತ, ನೀವೂ ಸ್ವಲ್ಪ ನಿದ್ದೆ ಮಾಡಿ, ಮುಖ ನೋಡಿದರೆ ನಮ್ಮಲ್ಲಿ ಮಲಗಿರೋರ ಥರ ಇದೀರ ಎಂದು ನಕ್ಕಳು. ಕೊರಿನ್ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ತಾನು ಏನು ಕೊಳ್ಳಲು ಬಂದಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದಳು.